ಟ್ವಿನ್ ಪೀಕ್ಸ್: ಆ ಕೊನೆಯ ಕಿರುಚಿಗೆ ಉತ್ತರ ಇದೆಯಾ?

ಮಳೆಗಾಲದಲ್ಲಿ ಕೂತು ನೋಡಲು ಒಂದು ಒಳ್ಳೆ ಪತ್ತೇದಾರಿ ಧಾರಾವಾಹಿ ಹೇಳಿ ಅಂತ ಓದುಗರೊಬ್ಬರು ಕೇಳಿದ್ದಕ್ಕೆ ಕಳೆದ ಸಂಚಿಕೆಯಲ್ಲಿ ‘ಟ್ವಿನ್ ಪೀಕ್ಸ್’ ಹೆಸರು ಬರೆದಿದ್ದೆ. ಈಗ ಬಂದಿರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಕೆಲವರಿಗೆ ಕೋಪ, ಕೆಲವರಿಗೆ ನಿದ್ದೆ ಇಲ್ಲ, ಬಹಳ ಜನರ ಹತ್ತಿರ ತಮ್ಮದೇ ಒಂದು ಥಿಯರಿ. ಹಾಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ನೋಡದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಸೇರಿ ಮಾಡಿದ ಈ ಧಾರಾವಾಹಿ 1990ರ ಏಪ್ರಿಲ್ 8ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ ಶುರುವಾಯಿತು. ಕಾಡು, ಜಲಪಾತ, ಮರ ಕೊಯ್ಯುವ ಮಿಲ್ಲು ಇರುವ ಒಂದು ಊರು. ಅಲ್ಲಿ ಎಲ್ಲರಿಗೂ ಬೇಕಾದ ಹುಡುಗಿ ಲಾರಾ ಪಾಮರ್. ಒಂದು ಬೆಳಗ್ಗೆ ಅವಳ ಹೆಣ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು ದಡಕ್ಕೆ ಬಂದು ಬಿದ್ದಿರುತ್ತದೆ. ತನಿಖೆಗೆ ಎಫ್‌ಬಿಐನಿಂದ ಡೇಲ್ ಕೂಪರ್ ಬರುತ್ತಾನೆ. ಎರಡು ಸೀಸನ್ ಸೇರಿ 30 ಕಂತು, 1991ರ ಜೂನ್‌ನಲ್ಲಿ ಅರ್ಧಕ್ಕೇ ನಿಂತಂತೆ ಮುಗಿಯಿತು. 1992ರಲ್ಲಿ ಲಾರಾಳ ಕೊನೆಯ ದಿನಗಳ ಬಗ್ಗೆ ಒಂದು ಸಿನಿಮಾ ಬಂತು. ಆಮೇಲೆ 2017ರಲ್ಲಿ ಮತ್ತೆ 18 ಕಂತು. ಇಲ್ಲಿಂದ ಮುಂದೆ ಕಥೆಯ ಗುಟ್ಟೆಲ್ಲ ಬರುತ್ತದೆ. ನೋಡುವ ಮನಸ್ಸಿದ್ದವರು ಈ ಪುಟ ಮಡಚಿಟ್ಟು ನೋಡಿದ ಮೇಲೆ ಓದಿ.

ಪ್ರಶ್ನೆ: ಮೇಡಂ, ಮೂರೂ ಸೀಸನ್ ಮುಗಿಸಿದೆ. ಕೊನೆಯ ಐದು ನಿಮಿಷ ಏನೂ ಅರ್ಥ ಆಗಲಿಲ್ಲ. ಲಾರಾ ಉಳಿದಳಾ, ಇಲ್ವಾ? ಹಾಸ್ಟೆಲಿನಲ್ಲಿ ನಾಲ್ಕು ಜನ ನಾಲ್ಕು ಥರ ಹೇಳುತ್ತಿದ್ದಾರೆ.
– ಕಾಲೇಜು ವಿದ್ಯಾರ್ಥಿನಿ, ಗೋಣಿಕೊಪ್ಪ

ಉತ್ತರ: ಥಿಯರಿ ಆಮೇಲೆ ನೋಡೋಣ. ಮೊದಲು ತೆರೆಯ ಮೇಲೆ ಏನೇನು ಆಗುತ್ತದೆ ಅನ್ನುವುದನ್ನು ನೋಡೋಣ, ಯಾಕಂದರೆ ಜಗಳ ಶುರುವಾದ ಮೇಲೆ ಎಲ್ಲರೂ ಅದನ್ನೇ ಮರೆಯುತ್ತಾರೆ.

2017ರ 17ನೇ ಕಂತಿನಲ್ಲಿ ಕೂಪರ್ ಹಿಂದಿನ ಕಾಲಕ್ಕೆ ಹೋಗುತ್ತಾನೆ. ಲಾರಾ ಸಾಯಬೇಕಿದ್ದ ರಾತ್ರಿ, 1989ರ ಫೆಬ್ರವರಿ 23. ಕಾಡಿನಲ್ಲಿ ಅವಳ ಕೈ ಹಿಡಿದು ಮನೆಗೆ ಹೋಗೋಣ ಅಂತ ಕರೆದುಕೊಂಡು ಹೊರಡುತ್ತಾನೆ. ದಡದಲ್ಲಿದ್ದ ಹೆಣ ಅಳಿಸಿ ಹೋಗುತ್ತದೆ. ಹೆಣ ನೋಡಬೇಕಿದ್ದ ಪೀಟ್ ಏನೂ ಕಾಣದೆ ಮೀನು ಹಿಡಿಯಲು ಹೋಗುತ್ತಾನೆ. ಸದ್ಯ ಉಳಿದಳು ಅಂತ ನಾವು ಉಸಿರು ಬಿಡುವಷ್ಟರಲ್ಲಿ ಕೂಪರನ ಕೈ ಖಾಲಿ. ಕತ್ತಲಲ್ಲಿ ಅವಳ ಕಿರುಚು ಮಾತ್ರ ಕೇಳುತ್ತದೆ.

18ನೇ ಕಂತಿನಲ್ಲಿ ಅವನು 430 ಮೈಲಿ ಕಾರು ಓಡಿಸಿ ಇನ್ನೊಂದು ಲೋಕಕ್ಕೆ ದಾಟುತ್ತಾನೆ. ಟೆಕ್ಸಾಸ್‌ನ ಒಡೆಸ್ಸಾ ಊರಿನಲ್ಲಿ ಕ್ಯಾರಿ ಪೇಜ್ ಅನ್ನುವ ಹೆಂಗಸು ಸಿಗುತ್ತಾಳೆ. ಮುಖ ಲಾರಾದ್ದೇ, ಆದರೆ ಆ ಹೆಸರು ಕೇಳಿದರೆ ಅವಳಿಗೆ ಏನೂ ನೆನಪಾಗುವುದಿಲ್ಲ. ಅವಳ ಮನೆಯ ಹಾಲಿನಲ್ಲಿ ಒಬ್ಬ ಗಂಡಸಿನ ಹೆಣ ಕೂತ ಹಾಗೇ ಇದೆ. ಕೂಪರ್ ಅದನ್ನು ನೋಡುತ್ತಾನೆ, ಏನಿದು ಅಂತ ಒಂದು ಮಾತೂ ಕೇಳುವುದಿಲ್ಲ. ನನಗೆ ಇಡೀ ಕಂತಿನಲ್ಲಿ ಅತಿ ಹೆಚ್ಚು ಭಯ ಆದದ್ದು ಇಲ್ಲೇ. ಮೊದಲ ಸೀಸನ್ನಿನ ಕೂಪರ್ ಪ್ರತಿಯೊಂದಕ್ಕೂ ಬೆರಗಾಗುತ್ತಿದ್ದವನು, ಮರದ ಹೆಸರು ಕೇಳುತ್ತಿದ್ದವನು. ಇವನಿಗೆ ತಾನು ಹೊರಟ ಕೆಲಸ ಬಿಟ್ಟು ಬೇರೇನೂ ಕಾಣುತ್ತಿಲ್ಲ.

ರಾತ್ರಿಯೆಲ್ಲ ಕಾರಿನಲ್ಲಿ ಹೆಚ್ಚು ಮಾತಿಲ್ಲದೆ ಬಂದು ಇಬ್ಬರೂ ಪಾಮರ್ ಮನೆಯ ಬಾಗಿಲು ತಟ್ಟುತ್ತಾರೆ. ತೆರೆದವಳು ಲಾರಾಳ ತಾಯಿ ಸಾರಾ ಅಲ್ಲ, ಯಾರೋ ಗೊತ್ತಿಲ್ಲದ ಹೆಂಗಸು. ಹೆಸರು ಆಲಿಸ್ ಟ್ರೆಮಂಡ್ ಅನ್ನುತ್ತಾಳೆ. ಈ ಮನೆ ಚಾಲ್‌ಫಾಂಟ್ ಅನ್ನುವವರಿಂದ ಕೊಂಡದ್ದು ಅನ್ನುತ್ತಾಳೆ. ಹಳೇ ಸೀಸನ್ ಮತ್ತು ಸಿನಿಮಾ ಗಮನ ಇಟ್ಟು ನೋಡಿದವರಿಗೆ ಎರಡೂ ಹೆಸರು ಗೊತ್ತಿರುತ್ತವೆ, ಎರಡೂ ಕಾಡಿನಾಚೆಯ ಅತಿಮಾನುಷ ಲೋಕದ ಒಬ್ಬ ಮುದುಕಿಯದ್ದು. ಮೆಟ್ಟಿಲಿಳಿದು ರಸ್ತೆಗೆ ಬಂದ ಕೂಪರ್ ಇದು ಯಾವ ವರ್ಷ ಅಂತ ಕೇಳುತ್ತಾನೆ. ಕ್ಯಾರಿ ತಿರುಗಿ ಮನೆ ನೋಡುತ್ತಾಳೆ. ಎಲ್ಲೋ ದೂರದಿಂದ ‘ಲಾರಾ’ ಅಂತ ಸಾರಾಳ ಕೂಗು, 1990ರ ಮೊದಲ ಕಂತಿನ ಬೆಳಗ್ಗೆ ಮಗಳನ್ನು ಎಬ್ಬಿಸಲು ಕೂಗಿದ ಹಾಗೇ. ಆಗ ಅವಳು ಕಿರುಚುತ್ತಾಳೆ. ಮನೆಯ ದೀಪಗಳು ಆರಿ ತೆರೆ ಕಪ್ಪಾಗುತ್ತದೆ.

ತೆರೆಯ ಮೇಲೆ ಇರುವುದು ಇಷ್ಟೇ. ನಾನು ಇದನ್ನು ಹೀಗೆ ಓದುತ್ತೇನೆ: ಲಾರಾಳನ್ನು ಕೊಂದದ್ದು ಅವಳ ಅಪ್ಪ. ಕೊಲ್ಲುವುದಕ್ಕೂ ಎಷ್ಟೋ ವರ್ಷ ಮೊದಲಿಂದ ಅವನು ಅವಳನ್ನು ಹಾಳು ಮಾಡುತ್ತಿದ್ದ, ಅದೂ ಇದೇ ಮನೆಯಲ್ಲಿ. ಕೂಪರ್ ಸಾವನ್ನು ಅಳಿಸಿದ. ಆ ವರ್ಷಗಳನ್ನು ಅಳಿಸಲು ಅವನ ಕೈಯಲ್ಲಿ ಆಗಲಿಲ್ಲ. ಎಲ್ಲ ಮರೆತು ಎಲ್ಲೋ ಇದ್ದವಳನ್ನು ಮತ್ತೆ ತಂದು ಅದೇ ಬಾಗಿಲ ಮುಂದೆ ನಿಲ್ಲಿಸಿದ, ಅದೂ ಮನೆಗೆ ಕರೆದುಕೊಂಡು ಹೋಗುತ್ತೇನೆ ಅಂತ. ಆ ಕೂಗು ಕಿವಿಗೆ ಬಿದ್ದ ಕೂಡಲೇ ಅವಳಿಗೆ ಎಲ್ಲ ನೆನಪಾಯಿತು. ಹೆಣ ಸಿಗದೇ ಇರುವುದನ್ನೇ ಉಳಿಯುವುದು ಅಂದರೆ ಅವಳು ಉಳಿದಳು. ಅದಕ್ಕಿಂತ ಹೆಚ್ಚು ಏನಾದರೂ ಬೇಕು ಅಂದರೆ ಇಲ್ಲ.

ನಿಮ್ಮ ನಾಲ್ವರಲ್ಲಿ ಯಾರ ಥಿಯರಿ ಗೆಲ್ಲಬೇಕು ಅನ್ನುವುದಕ್ಕೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಹೇಳುತ್ತೇನೆ. ಆ ಕಿರುಚಿಗೆ ಅವರ ಥಿಯರಿಯಲ್ಲಿ ಜಾಗ ಇದೆಯಾ? ಗಡಿಯಾರ, ನಂಬರು, ಲೋಕಗಳು ಎಲ್ಲ ಕೂಡಿಸಿ ಲಾರಾಳನ್ನೇ ಬಿಟ್ಟುಬಿಟ್ಟರೆ ಅದು ಎಷ್ಟೇ ಜಾಣತನದ್ದಾದರೂ ನಾನು ಒಪ್ಪುವುದಿಲ್ಲ.

ಪ್ರಶ್ನೆ: ಆ ಊರು ಥೇಟ್ ನಮ್ಮ ಕಡೆ ಇದ್ದ ಹಾಗೇ ಇದೆ. ಮಂಜು, ಮರ, ಕಾಫಿ. ಎಲ್ಲಿ ತೆಗೆದದ್ದು?
– ಕಾಫಿ ಬೆಳೆಗಾರರು, ಸಿದ್ದಾಪುರ

ಉತ್ತರ: ಟ್ವಿನ್ ಪೀಕ್ಸ್ ಅನ್ನುವ ಊರು ಕಲ್ಪನೆ. ಹೊರಗಿನ ದೃಶ್ಯಗಳಲ್ಲಿ ಬಹಳಷ್ಟು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ನೋಕ್ವಾಲ್ಮಿ ಮತ್ತು ನಾರ್ತ್ ಬೆಂಡ್ ಊರುಗಳ ಸುತ್ತಮುತ್ತ ತೆಗೆದದ್ದು. ಶುರುವಿನಲ್ಲಿ ಕಾಣುವ ಜಲಪಾತ ಸ್ನೋಕ್ವಾಲ್ಮಿ ಫಾಲ್ಸ್. ಕೂಪರ್ ಕಾಫಿ ಕುಡಿದು ಹೊಗಳುವ ಹೋಟೆಲು ನಾರ್ತ್ ಬೆಂಡಿನಲ್ಲಿ ಈಗಲೂ ಇದೆ. ಅಲ್ಲಿ ಕಾಫಿ ಗಿಡ ಬೆಳೆಯುವುದಿಲ್ಲ ಬಿಡಿ, ಬರೀ ಕುಡಿಯುತ್ತಾರೆ. ಈ ಕಾಫಿ ಹುಚ್ಚು ಎಷ್ಟು ಹೆಸರಾಯಿತು ಅಂದರೆ 1991ರಲ್ಲಿ ಜಪಾನಿನ ‘ಜಾರ್ಜಿಯಾ’ ಡಬ್ಬಿ ಕಾಫಿಗೆ ಲಿಂಚ್ ಅವರೇ ಇದೇ ಪಾತ್ರಗಳನ್ನಿಟ್ಟು ಜಾಹೀರಾತು ತೆಗೆದುಕೊಟ್ಟರು.

ಇನ್ನೊಂದು ವಿಷಯ. ಊರಿನ ಬೋರ್ಡಿನಲ್ಲಿ ಜನಸಂಖ್ಯೆ 51,201 ಅಂತ ಇದೆ. ಮೊದಲು ಅಂದುಕೊಂಡಿದ್ದದ್ದು ಐದು ಸಾವಿರ ಚಿಲ್ಲರೆ. ಅಷ್ಟು ಚಿಕ್ಕ ಊರಿನ ಕಥೆ ಯಾರು ನೋಡುತ್ತಾರೆ ಅಂತ ವಾಹಿನಿಯವರಿಗೆ ಅನುಮಾನ ಬಂದು ಸಂಖ್ಯೆ ಏರಿಸಿದರು. 2011ರ ಜನಗಣತಿಯಲ್ಲಿ ಮಡಿಕೇರಿ ಪಟ್ಟಣದಲ್ಲೇ ಇದ್ದದ್ದು ಸುಮಾರು 33 ಸಾವಿರ ಜನ. ಧಾರಾವಾಹಿಯಲ್ಲಿ ಎಲ್ಲರಿಗೂ ಎಲ್ಲರ ಮನೆ ವಿಷಯ ಗೊತ್ತಿರುವುದು ನೋಡಿದರೆ ಐದು ಸಾವಿರವೇ ಸರಿ.

ಪ್ರಶ್ನೆ: ಮಗಳೇ, ನಾವು ದೂರದರ್ಶನದ ಕಾಲದವರು. ‘ಗುಡ್ಡದ ಭೂತ’ ಬರುವಾಗ ಅಕ್ಕಪಕ್ಕದ ಮನೆಯವರೆಲ್ಲ ನಮ್ಮಲ್ಲೇ ಕೂರುತ್ತಿದ್ದರು. ಈ ನಿನ್ನ ಧಾರಾವಾಹಿಯವರು ಮೊದಲೇ ಕಥೆ ಬರೆದುಕೊಂಡಿದ್ದರಾ, ಅಥವಾ ಬಾಯಿಗೆ ಬಂದದ್ದು ಹೇಳುತ್ತಾ ಹೋದರಾ? ನೋಡಿದವರಿಗೆ ಮೋಸ ಅಲ್ಲವಾ ಇದು?
– ನಿವೃತ್ತ ಮೇಷ್ಟರು, ಪೊನ್ನಂಪೇಟೆ

ಉತ್ತರ: ನಮಸ್ಕಾರ ಸರ್. ಸದಾನಂದ ಸುವರ್ಣರು ನಿರ್ದೇಶಿಸಿದ, ಪ್ರಕಾಶ್ ರೈ ನಟಿಸಿದ ‘ಗುಡ್ಡದ ಭೂತ’ದ ಹೆಸರೆತ್ತಿದರೆ ಈಗಲೂ ಬಹಳ ಮನೆಗಳಲ್ಲಿ ಅದರ ಹಾಡು ಗುನುಗುತ್ತಾರೆ. ಭೂತ ಅಂದರೆ ಏನು, ಅದರ ಹಿಂದೆ ಯಾರು ಅನ್ನುವ ಕುತೂಹಲದ ಮೇಲೆ ನಿಂತ ಕಥೆ ಅದು. ಟ್ವಿನ್ ಪೀಕ್ಸ್ ಕೂಡ ಹಾಗೇ ಶುರುವಾಯಿತು. ದಾರಿ ತಪ್ಪಿದ್ದು ಎಲ್ಲಿ ಅನ್ನುವುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ.

ಕೊಂದವರು ಯಾರು ಅನ್ನುವುದನ್ನು ಬೇಗ ಹೇಳುವ ಮನಸ್ಸು ಲಿಂಚ್‌ಗೆ ಇರಲೇ ಇಲ್ಲ. ಆ ಪ್ರಶ್ನೆ ಮೆಲ್ಲಗೆ ಹಿಂದೆ ಸರಿದು ಊರಿನ ಜನರ ಕಥೆ ಮುಂದೆ ಬರಬೇಕು ಅಂತ ಅವರ ಆಸೆ. ಫ್ರಾಸ್ಟ್‌ಗೆ ಮಾತ್ರ ನೋಡುಗರಿಗೆ ಉತ್ತರ ಕೊಡಬೇಕು ಅನ್ನಿಸುತ್ತಿತ್ತು. ವಾಹಿನಿಯ ಒತ್ತಾಯವೂ ಸೇರಿತು. 1990ರ ನವೆಂಬರ್ 10ರ ಕಂತಿನಲ್ಲಿ ಲಾರಾಳ ಅಪ್ಪ ಲೀಲ್ಯಾಂಡ್ ಅಂತ ತೋರಿಸಿಬಿಟ್ಟರು. ಆ ಕಂತು ನೋಡಿ, ಟಿವಿಯಲ್ಲಿ ಅದಕ್ಕಿಂತ ಗಟ್ಟಿ ಕಂತು ನಾನು ನೋಡಿಲ್ಲ. ಆದರೆ ಅದಾದ ಮೇಲೆ ಧಾರಾವಾಹಿಯ ಬೆನ್ನುಮೂಳೆ ಮುರಿಯಿತು. ಹೊನ್ನಿನ ಮೊಟ್ಟೆ ಇಡುವ ಬಾತುಕೋಳಿಯನ್ನೇ ಕೊಯ್ದೆವು ಅಂತ ಲಿಂಚ್ ಆಮೇಲೆ ಎಷ್ಟೋ ಸಲ ಹೇಳಿಕೊಂಡರು. ಅಂದರೆ ನೋಡಿ ಸರ್, ಇಲ್ಲಿ ಗುಟ್ಟು ಮುಚ್ಚಿಟ್ಟದ್ದರಿಂದ ಕೆಡಲಿಲ್ಲ, ಅವಸರದಲ್ಲಿ ಬಿಚ್ಚಿದ್ದರಿಂದ ಕೆಟ್ಟಿತು.

ಮೊದಲೇ ಬರೆದುಕೊಂಡಿದ್ದರಾ ಅಂತ ಕೇಳಿದಿರಲ್ಲ, ಅದಕ್ಕೆ ಒಂದು ಪ್ರಸಂಗ ಹೇಳಬೇಕು. ಫ್ರಾಂಕ್ ಸಿಲ್ವಾ ಅನ್ನುವವರು ಆ ಸೆಟ್ಟಿನಲ್ಲಿ ಮೇಜು ಕುರ್ಚಿ ಜೋಡಿಸುವ ಕೆಲಸದಲ್ಲಿದ್ದರು. ಉದ್ದ ನರೆಗೂದಲು, ಚೂಪು ಮುಖ. ಲಾರಾಳ ಕೋಣೆಯಲ್ಲಿ ಅವರು ಕೆಲಸ ಮಾಡುತ್ತಿದ್ದಾಗ ಲಿಂಚ್‌ಗೆ ಏನೋ ಹೊಳೆದು, ಮಂಚದ ಕಾಲ ಹತ್ತಿರ ಬಗ್ಗಿ ಕೂರಿಸಿ ಸುಮ್ನೆ ಒಂದು ಶಾಟ್ ತೆಗೆದರು. ಯಾತಕ್ಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಆಮೇಲೆ ತಾಯಿ ಸಾರಾ ಸೋಫಾದ ಮೇಲಿಂದ ಬೆಚ್ಚಿಬಿದ್ದು ಏಳುವ ದೃಶ್ಯ ತೆಗೆದರು. ಚೆನ್ನಾಗಿ ಬಂತು ಅಂತ ಲಿಂಚ್ ಖುಷಿಪಟ್ಟರೆ, ಕ್ಯಾಮೆರಾದವರು ಇಲ್ಲ, ಹಿಂದಿನ ಕನ್ನಡಿಯಲ್ಲಿ ಯಾರದೋ ಮುಖ ಬಿದ್ದಿದೆ ಅಂದರು. ಯಾರದ್ದು ಅಂದರೆ ಫ್ರಾಂಕ್ ಸಿಲ್ವಾದ್ದು. ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಟೇಕ್ ತೆಗೆಯುತ್ತಿದ್ದರು. ಲಿಂಚ್ ಅದನ್ನೇ ಇಟ್ಟುಕೊಂಡರು. ಹಾಗೆ ಹುಟ್ಟಿದ್ದು ಬಾಬ್, ಲೀಲ್ಯಾಂಡ್ ಮೈಮೇಲೆ ಬರುವ ಆ ದುಷ್ಟಶಕ್ತಿ. ಕಥೆಯ ಅತಿ ದೊಡ್ಡ ಪಾತ್ರವೇ ಹೀಗೆ ಬಂದದ್ದು ಅಂದ ಮೇಲೆ ಎಲ್ಲ ಮೊದಲೇ ಬರೆದಿಟ್ಟಿದ್ದರು ಅನ್ನಲು ಆಗುವುದಿಲ್ಲ. ಆದರೆ ಬಾಯಿಗೆ ಬಂದದ್ದು ಅಂತಲೂ ನಾನು ಅನ್ನಲಾರೆ. ಕಣ್ಣಿಗೆ ಬಿದ್ದದ್ದನ್ನು ಬಿಡಲಿಲ್ಲ, ಅದಕ್ಕೆ ಕೊನೆವರೆಗೂ ಲೆಕ್ಕ ಕೊಟ್ಟರು. ಇದರಲ್ಲಿ ನನಗೆ ಮೋಸ ಕಾಣುವುದಿಲ್ಲ ಸರ್.

ಪ್ರಶ್ನೆ: ಕಕ್ಕಡದ ಮಳೆಯಲ್ಲಿ ನಮ್ಮಲ್ಲಿ ಕರೆಂಟೇ ಇರುವುದಿಲ್ಲ. ಮೊದಲ ಸೀಸನ್ ವಾರಕ್ಕೊಂದು ಕಂತಿನ ಹಾಗೆ ಎಳೆದೆಳೆದು ನೋಡಿದೆವು. ಮನೆಯಲ್ಲಿ ಎಲ್ಲರೂ ದಿನಾ ಅದೇ ಮಾತು. ಹೀಗೆ ನೋಡಿದರೆ ಕಥೆ ಕೆಡುತ್ತದಾ?
– ಗೃಹಿಣಿ, ಭಾಗಮಂಡಲ

ಉತ್ತರ: ನೀವು ನೋಡಿದ್ದೇ ಸರಿಯಾದ ರೀತಿ! 1990ರಲ್ಲಿ ಜನ ವಾರಕ್ಕೊಂದು ಕಂತೇ ನೋಡಿದ್ದು. ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಕೊಂಡು, ಚಿತ್ರ ನಿಲ್ಲಿಸಿ ನಿಲ್ಲಿಸಿ, ಗೋಡೆಯ ಮೇಲಿನ ಚಿತ್ರದಿಂದ ಹಿಡಿದು ಎಲ್ಲ ಹುಡುಕುತ್ತಿದ್ದರು. ಇವತ್ತು ಎಲ್ಲ ಧಾರಾವಾಹಿಗೂ ಥಿಯರಿ ಕಟ್ಟುವ ಅಭ್ಯಾಸ ಇದೆಯಲ್ಲ, ಅದಕ್ಕೆ ದೊಡ್ಡ ದಾರಿ ಮಾಡಿಕೊಟ್ಟದ್ದು ಇದೇ. ಒಂದೇ ರಾತ್ರಿ ಎಂಟು ಕಂತು ನೋಡಿದರೆ ಯೋಚನೆ ಮಾಡಲು ಹೊತ್ತೆಲ್ಲಿ?

ಪ್ರಶ್ನೆ: ಇಡೀ ಕಥೆ ಒಂದು ಕನಸು ಅಂತ ಬಹಳ ಕಡೆ ಓದಿದೆ. 2017ರ 14ನೇ ಕಂತಿನಲ್ಲಿ ಅದನ್ನು ಬಾಯಿಬಿಟ್ಟೇ ಹೇಳುತ್ತಾರಲ್ಲ. ಹಾಗಾದರೆ ಕನಸು ಯಾರದ್ದು?
– ಶಾಲಾ ಶಿಕ್ಷಕಿ, ವಿರಾಜಪೇಟೆ

ಉತ್ತರ: ನೀವು ಹೇಳುವ ದೃಶ್ಯದಲ್ಲಿ ನಟಿ ಮೋನಿಕಾ ಬೆಲುಚಿ ಬರುತ್ತಾರೆ. ಎಫ್‌ಬಿಐ ಮೇಲಧಿಕಾರಿ ಗಾರ್ಡನ್ ಕೋಲ್ ಕಂಡ ಕನಸು ಅದು. ಆ ಪಾತ್ರ ಮಾಡಿದ್ದು ಲಿಂಚ್ ಅವರೇ. ನಾವು ಕನಸು ಕಾಣುತ್ತಾ ಆ ಕನಸಿನೊಳಗೇ ಬದುಕುವವರ ಹಾಗೆ ಅಂತ ಬೆಲುಚಿ ಹೇಳಿ, ಆದರೆ ಕನಸು ಕಾಣುವವರು ಯಾರು ಅಂತ ಕೇಳುತ್ತಾರೆ. ಈ ಮಾತು ಲಿಂಚ್‌ಗೆ ಹೊಸದಲ್ಲ. 2006ರ ತಮ್ಮ ಸಿನಿಮಾ ತೋರಿಸುವಾಗಲೂ ಉಪನಿಷತ್ತಿನದ್ದು ಅಂತ ಹೇಳಿಯೇ ಇದನ್ನು ಓದುತ್ತಿದ್ದರು. ಅಲ್ಲಿ ಇದರ ಹಿಂದೆ ಜೇಡದ ಮಾತೂ ಬರುತ್ತಿತ್ತು, ತಾನೇ ನೇಯ್ದ ಬಲೆಯಲ್ಲಿ ತಾನೇ ಓಡಾಡುವ ಜೇಡ. ನಮ್ಮವರಿಗೆ ಕೂಡಲೇ ಮುಂಡಕೋಪನಿಷತ್ತಿನ ಜೇಡ ನೆನಪಾಗುತ್ತದೆ, ಅಲ್ವಾ? ತನ್ನೊಳಗಿಂದಲೇ ನೂಲು ಬಿಟ್ಟು ತಾನೇ ಒಳಗೆಳೆದುಕೊಳ್ಳುವುದು. ಲಿಂಚ್ 1973ರಿಂದಲೂ ಮಹರ್ಷಿ ಮಹೇಶ ಯೋಗಿಯವರ ಧ್ಯಾನ ಮಾಡುತ್ತಿದ್ದವರು, ಹಾಗಾಗಿ ಇದು ಅಲಂಕಾರಕ್ಕೆ ಸೇರಿಸಿದ ಮಾತಲ್ಲ.

ಆದರೂ ‘ಎಲ್ಲ ಕನಸು’ ಅಂದುಬಿಡುವುದು ನನಗೆ ಇಷ್ಟ ಇಲ್ಲ. ಕೂಪರ್ ಕಂಡ ಕನಸು ಅಂದರೆ ಲಾರಾ ಪಟ್ಟ ಪಾಡು ಯಾರೋ ಗಂಡಸಿನ ಕೆಟ್ಟ ನಿದ್ದೆ ಅಷ್ಟೇ ಅಂದ ಹಾಗಾಯಿತು. ಇದೇ ಥಿಯರಿಯ ಇನ್ನೊಂದು ರೂಪ ಇದೆ, ಅದಕ್ಕೆ ನನ್ನ ಕಿವಿ ತೆರೆದಿದೆ: ಕನಸು ಕಾಣುತ್ತಿರುವವಳು ಲಾರಾ. ಮನೆಯಲ್ಲಿ ಯಾರೂ ಕಾಪಾಡದಿದ್ದಾಗ ಕಪ್ಪು ಸೂಟು ಹಾಕಿಕೊಂಡು ಬಂದು ಎಲ್ಲ ಸರಿ ಮಾಡುವ ಒಬ್ಬ ಒಳ್ಳೆಯವನನ್ನು ಅವಳೇ ಕಲ್ಪಿಸಿಕೊಂಡಳು, ಕೊನೆಯಲ್ಲಿ ತಾಯಿಯ ಕೂಗಿಗೆ ಎಚ್ಚರ ಆಯಿತು ಅನ್ನುತ್ತಾರೆ. ದೀಪ ಆರುವುದಕ್ಕೂ ಆ ಬೆಳಗಿನ ಕೂಗಿಗೂ ಇದು ಚೆನ್ನಾಗಿ ಹೊಂದುತ್ತದೆ. ಇದಕ್ಕೆ ಪುರಾವೆ ಪೂರ್ತಿ ಇಲ್ಲ. 1945ರ ಅಣುಬಾಂಬ್ ಪರೀಕ್ಷೆಯನ್ನು ತೋರಿಸುವ 8ನೇ ಕಂತು ಒಬ್ಬ ಹೈಸ್ಕೂಲ್ ಹುಡುಗಿಯ ಕನಸಿಗೆ ಹೇಗೆ ಬಂತು ಅಂತ ಕೇಳಿದರೆ ಈ ಥಿಯರಿಯವರು ತಡವರಿಸುತ್ತಾರೆ. ಆದರೂ ನನ್ನ ಪರೀಕ್ಷೆಯಲ್ಲಿ ಇದು ಪಾಸು.

ಪ್ರಶ್ನೆ: 17 ಮತ್ತು 18ನೇ ಕಂತು ಎರಡನ್ನೂ ಒಟ್ಟಿಗೆ ಅಕ್ಕಪಕ್ಕ ಓಡಿಸಿದರೆ ಗುಟ್ಟು ತಿಳಿಯುತ್ತದಂತೆ, ನಿಜವಾ?
– ಮೊಬೈಲ್ ಅಂಗಡಿ, ಕುಶಾಲನಗರ

ಉತ್ತರ: ಕೆಲವು ಕಡೆ ಮಾತಿಗೆ ಮಾತು, ಚಿತ್ರಕ್ಕೆ ಚಿತ್ರ ಕೂಡಿಬರುತ್ತದೆ, ನೋಡಲು ಮಜಾ ಇದೆ. ಆದರೆ ಗಂಟೆ ಉದ್ದದ ಯಾವುದೇ ಎರಡು ವಿಡಿಯೋ ಒಟ್ಟಿಗೆ ಓಡಿಸಿದರೂ ಎಲ್ಲೋ ಕೂಡುತ್ತದೆ. ಕೂಡದ ಕಡೆಗಳನ್ನು ಯಾರೂ ಎಣಿಸುವುದಿಲ್ಲ. ಗುಟ್ಟು ಅಂತ ನಾನು ನಂಬುವುದಿಲ್ಲ.

ಪ್ರಶ್ನೆ: ನನಗೂ ನನ್ನ ಯಜಮಾನರಿಗೂ ಇದೇ ವಾದ. ಕೊನೆಗೆ ಕೂಪರ್ ಗೆದ್ದ, ಜೂಡಿ ಅನ್ನುವ ಆ ದೊಡ್ಡ ಕೆಡುಕನ್ನು ಬೋನಿಗೆ ಬೀಳಿಸಿದ ಅಂತ ಅವರು. ಸೋತ ಅಂತ ನಾನು. ತೀರ್ಪು ನೀವೇ ಕೊಡಿ.
– ಸುಂಟಿಕೊಪ್ಪದಿಂದ

ಉತ್ತರ: ನಿಮ್ಮ ಯಜಮಾನರ ಕೈಯಲ್ಲಿ ಪುರಾವೆ ಇದೆ, ಅದನ್ನು ಮೊದಲು ಹೇಳಬೇಕು. 2017ರ ಮೊದಲ ಕಂತು ಶುರುವಾಗುತ್ತಲೇ ಫೈರ್‌ಮನ್ ಅನ್ನುವ ಆ ಎತ್ತರದ ಮುದುಕ ಕೂಪರನಿಗೆ ಸುಳಿವು ಕೊಡುತ್ತಾನೆ: 430, ರಿಚರ್ಡ್ ಮತ್ತು ಲಿಂಡಾ, ಒಂದೇ ಕಲ್ಲಿಗೆ ಎರಡು ಹಕ್ಕಿ. 430 ಮೈಲಿ ದಾಟಿದ ಮೇಲೆ ಕೂಪರ್ ರಿಚರ್ಡ್ ಆಗುತ್ತಾನೆ, ಜೊತೆಗೆ ಬಂದ ಅವನ ಹಳೇ ಸೆಕ್ರೆಟರಿ ಡಯೇನ್ ಲಿಂಡಾ ಆಗುತ್ತಾಳೆ. ಅಂದರೆ ಇದು ಮೊದಲೇ ಹಾಕಿದ ಯೋಜನೆ. ಜೂಡಿಯನ್ನು ಎಳೆದು ತರಲು ಮಾಡಿದ ಒಂದು ಲೋಕ, ಲಾರಾ ಅದರೊಳಗಿನ ಅಸ್ತ್ರ, ಅವಳು ಕಿರುಚಿದಾಗ ಮನೆಯ ಕರೆಂಟೇ ಸುಟ್ಟು ಹೋಯಿತು, ಜೂಡಿ ಅಲ್ಲಿಗೆ ಮುಗಿದಳು. ಲೆಕ್ಕ ಹಾಕುತ್ತಾ ಹೋದರೆ ಸರಿಯಾಗೇ ಕೂಡುತ್ತದೆ.

ಆದರೆ ತಂಗಿ, ಯಜಮಾನರಿಗೆ ಒಂದು ಪ್ರಶ್ನೆ ಕೇಳಿ. ಆ ಹುಡುಗಿಯನ್ನು ಯಾರಾದರೂ ಕೇಳಿದರಾ? ಬದುಕಿರುವಾಗ ಎಲ್ಲರೂ ಅವಳನ್ನು ಬಳಸಿಕೊಂಡರು. ಸತ್ತ ಮೇಲೆ ಒಳ್ಳೆಯವರೂ ಬಳಸಿಕೊಂಡರು ಅಂದರೆ ಅದನ್ನು ಗೆಲುವು ಅನ್ನುವುದು ಹೇಗೆ? ಮತ್ತೆ ಗೆದ್ದವನು ರಸ್ತೆ ಮಧ್ಯೆ ನಿಂತು, ಭುಜ ಬಗ್ಗಿಸಿ, ಇದು ಯಾವ ವರ್ಷ ಅಂತ ಕೇಳುತ್ತಾನಾ? ಆ ಮುಖ ಇನ್ನೊಂದು ಸಲ ನೋಡಿ ಅನ್ನಿ. ನನ್ನ ವೋಟು ನಿಮಗೇ.

ಪ್ರಶ್ನೆ: ಬಾಬ್ ನಿಜವಾಗಿಯೂ ಇದ್ದಾನಾ, ಅಥವಾ ಅಪ್ಪನ ತಪ್ಪು ಮುಚ್ಚಲು ಮಾಡಿದ ನೆಪವಾ? ಮಕ್ಕಳ ಜೊತೆ ಕೆಲಸ ಮಾಡುವವಳು ನಾನು, ಇದು ನನ್ನನ್ನು ಬಹಳ ಕಾಡಿತು.
– ಮಡಿಕೇರಿಯಿಂದ

ಉತ್ತರ: ನೀವು ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ಸಮಾಧಾನ ಆಯಿತು, ಯಾಕಂದರೆ ಥಿಯರಿ ಕಟ್ಟುವವರಲ್ಲಿ ಬಹಳ ಜನ ಇದನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ಟಿವಿ ಧಾರಾವಾಹಿಯಲ್ಲಿ ಲೀಲ್ಯಾಂಡ್ ಸಾಯುವಾಗ ಬಾಬ್ ಅವನನ್ನು ಬಿಟ್ಟು ಹೋಗುತ್ತಾನೆ, ಲೀಲ್ಯಾಂಡ್‌ಗೆ ಆಗಷ್ಟೇ ಎಲ್ಲ ನೆನಪಾಗಿ ಅಳುತ್ತಾನೆ, ಕೂಪರ್ ಅವನ ತಲೆ ಹಿಡಿದು ಸಮಾಧಾನ ಮಾಡುತ್ತಾನೆ. ನೋಡುವಾಗ ಕಣ್ಣು ತುಂಬಿ ಬರುತ್ತದೆ. ಆದರೆ ಪಾಪ, ಅವನದ್ದೇನೂ ತಪ್ಪಿಲ್ಲ, ಯಾವುದೋ ಭೂತ ಮಾಡಿಸಿತು ಅಂದ ಹಾಗೂ ಆಗುತ್ತದೆ. ಅದೇ ಕಂತಿನಲ್ಲಿ ಅಧಿಕಾರಿ ಆಲ್ಬರ್ಟ್ ಇನ್ನೊಂದು ಮಾತು ಹೇಳುತ್ತಾನೆ: ಮನುಷ್ಯರು ಮಾಡುವ ಕೆಡುಕಿಗೇ ನಾವು ಬಾಬ್ ಅನ್ನುತ್ತಿದ್ದೇವೋ ಏನೋ ಅಂತ.

ಸಿನಿಮಾ ಈ ತಪ್ಪಿಸಿಕೊಳ್ಳುವ ದಾರಿಯನ್ನು ಬಹಳಷ್ಟು ಮುಚ್ಚಿತು ಅಂತ ನನ್ನ ಅಭಿಪ್ರಾಯ. ಅದರಲ್ಲಿ ಲಾರಾ ಹೆಣ ಅಲ್ಲ, ಉಸಿರಾಡುವ ಹುಡುಗಿ. ಊಟದ ಮೇಜಿನ ಮುಂದೆ ಅಪ್ಪ ಅವಳ ಕೈ ಹಿಡಿದು ತಿರುಗಿಸಿ, ಉಗುರಿನ ಕೆಳಗೆ ಕೊಳೆ ಇದೆ, ಕೈ ತೊಳೆದಿಲ್ಲ ಅಂತ ಗದರುವ ಒಂದು ದೃಶ್ಯ ಇದೆ. ಅಲ್ಲಿ ಬಾಬ್ ಇಲ್ಲ, ಆ ಬೇರೆ ಲೋಕದ ಕೆಂಪು ಪರದೆ ಇಲ್ಲ. ಬರೀ ಊಟದ ಹೊತ್ತು, ಅಪ್ಪ, ಮಗಳು, ನೋಡಿಯೂ ತಡೆಯಲಾಗದ ಅಮ್ಮ. ನಟಿ ಶೆರಿಲ್ ಲೀ ಮುಖದಲ್ಲಿ ಆಗ ಕಾಣುವ ಭಯ ಯಾವ ಥಿಯರಿಗೂ ನಿಲುಕುವುದಿಲ್ಲ. ಬಾಬ್ ಇದ್ದಾನೆ ಅಂತಲೇ ಇಟ್ಟುಕೊಳ್ಳಿ. ಬಾಗಿಲು ತೆರೆದವನು ಲೀಲ್ಯಾಂಡ್. ಮಗುವಿನ ಕಡೆಯಿಂದ ನೋಡಿದರೆ ಬಂದವನ ಮುಖ ಅಪ್ಪನದ್ದೇ. ಆ ಮುಖದ ಮೇಲೆ ಬಾಬನ ಮುಖವನ್ನು ಅವಳೇ ಹೊದಿಸಿದ್ದಳು, ಅಪ್ಪ ಅಂತ ಒಪ್ಪಿಕೊಳ್ಳಲಾಗದೆ. ನಿಮ್ಮ ಕೆಲಸದಲ್ಲಿ ಇಂಥ ಮಕ್ಕಳನ್ನು ನೀವು ನೋಡಿರುತ್ತೀರಿ, ನನಗಿಂತ ನಿಮಗೇ ಇದು ಚೆನ್ನಾಗಿ ತಿಳಿದಿದೆ.

ಪ್ರಶ್ನೆ: 8ನೇ ಕಂತಿನಲ್ಲಿ ಹುಡುಗಿಯೊಬ್ಬಳ ಬಾಯಿಗೆ ಕಪ್ಪೆ ಥರದ ಹುಳ ಹೋಗುತ್ತದಲ್ಲ, ಅವಳು ಯಾರು?
– ಎಂಜಿನಿಯರಿಂಗ್ ವಿದ್ಯಾರ್ಥಿ, ಸೋಮವಾರಪೇಟೆ

ಉತ್ತರ: ಲಾರಾಳ ತಾಯಿ ಸಾರಾ ಅನ್ನುವುದೇ ಹೆಚ್ಚು ಜನರ ಉತ್ತರ, ನನ್ನದೂ. ಕಂತಿನಲ್ಲಿ ಹೆಸರು ಹೇಳುವುದಿಲ್ಲ. ಜಾಗ ನ್ಯೂ ಮೆಕ್ಸಿಕೋ, ವರ್ಷ 1956. ಫ್ರಾಸ್ಟ್ 2017ರಲ್ಲಿ ಬರೆದ ಪುಸ್ತಕದಲ್ಲಿ ಸಾರಾ ಚಿಕ್ಕವಳಿದ್ದಾಗ ಅಲ್ಲೇ ಇದ್ದಳು ಅಂತ ಸುಳಿವು ಇದೆ. ಆಮೇಲೆ 14ನೇ ಕಂತಿನಲ್ಲಿ ಸಾರಾ ಬಾರಿನಲ್ಲಿ ತನ್ನ ಮುಖವನ್ನೇ ಬಾಗಿಲ ಥರ ತೆಗೆದು ತೋರಿಸುತ್ತಾಳೆ, ಒಳಗೆ ಬೇರೇನೋ ಇದೆ. ಎರಡೂ ಸೇರಿಸಿದರೆ ಸಾಕಷ್ಟು ಗಟ್ಟಿ. ಪುಸ್ತಕದಲ್ಲಿ ಇದ್ದದ್ದೆಲ್ಲ ಧಾರಾವಾಹಿಗೂ ಸಲ್ಲುತ್ತದೆ ಅಂತ ಮಾತ್ರ ತಿಳಿಯಬೇಡಿ. ಅದು ಫ್ರಾಸ್ಟ್ ಒಬ್ಬರ ಕೈಬರಹ.

ಪ್ರಶ್ನೆ: ಕಾಡಿನ ಮಧ್ಯೆ ಮರಗಳ ಸುತ್ತು, ಅಲ್ಲಿಂದ ಬೇರೆ ಲೋಕಕ್ಕೆ ದಾರಿ. ನಮ್ಮ ದೇವರಕಾಡಿನ ಹಾಗೇ ಅಲ್ಲವಾ?
– ನಾಪೋಕ್ಲುವಿನಿಂದ

ಉತ್ತರ: ನೋಡಿದ ಕೂಡಲೇ ಹಾಗೆ ಅನ್ನಿಸುವುದು ಸಹಜ. ಆದರೆ ದಯವಿಟ್ಟು ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅಲ್ಲಿರುವುದು 12 ಸಿಕಮೋರ್ ಮರಗಳ ಸುತ್ತು, ನಡುವೆ ಸುಟ್ಟ ಎಣ್ಣೆಯ ಹೊಂಡ, ಭಯದಿಂದ ಒಳಗೆ ಹೋದವನು ತಾನಾಗಿ ವಾಪಸ್ ಬರುವುದಿಲ್ಲ. ನಮ್ಮ ದೇವರಕಾಡು ಊರಿನದ್ದು. ಅಲ್ಲಿ ದೇವರಿದೆ, ಹಬ್ಬ ಇದೆ, ಮರ ಕಡಿಯಬಾರದು ಅನ್ನುವ ಕಟ್ಟುಪಾಡು ಇದೆ, ಕಾಯುವ ಜನ ಇದ್ದಾರೆ. ಟ್ವಿನ್ ಪೀಕ್ಸ್‌ನ ಕಾಡನ್ನು ಮಾತ್ರ ಎಲ್ಲರೂ ಮಾರಲು ನೋಡುವವರೇ. ಮಿಲ್ಲಿನವರಿಗೂ ಬೇಕು, ಹೋಟೆಲ್ ಕಟ್ಟುವವರಿಗೂ ಬೇಕು.

ಪ್ರಶ್ನೆ: ಆಡ್ರಿಗೆ ಏನಾಯಿತು? ಬ್ಯಾಂಕಿನಲ್ಲಿ ಬಾಂಬ್ ಸಿಡಿದ ಮೇಲೆ 25 ವರ್ಷ ಕಾದು ನೋಡಿದರೆ ಇನ್ನೂ ಗೊಂದಲ.
– ಓದುಗರು, ಶನಿವಾರಸಂತೆ

ಉತ್ತರ: ಹೌದು, ಹೋಟೆಲ್ ಮಾಲೀಕನ ಮಗಳು ಆಡ್ರಿ ಅಂದರೆ ನನಗೂ ಅಚ್ಚುಮೆಚ್ಚು. ತೆರೆಯ ಮೇಲೆ ಗಟ್ಟಿಯಾಗಿ ಇರುವುದು ಎರಡೇ. ಒಂದು, ಸ್ಫೋಟದ ನಂತರ ಅವಳು ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಇದ್ದಾಗ ಬೇರೆ ಲೋಕದಿಂದ ಕೂಪರನ ರೂಪದಲ್ಲೇ ಹೊರಬಂದ ಆ ದುಷ್ಟ ಅಲ್ಲಿಗೆ ಹೋಗಿದ್ದ ಅಂತ ಡಾಕ್ಟರ್ ಹೇವರ್ಡ್ 7ನೇ ಕಂತಿನಲ್ಲಿ ಹೇಳುತ್ತಾರೆ, ಅವಳಿಗೆ ಹುಟ್ಟಿದ ಮಗ ರಿಚರ್ಡ್ (ಮೇಲೆ ಹೇಳಿದ ರಿಚರ್ಡ್ ಬೇರೆ) ಅವನದ್ದೇ. ಇನ್ನೊಂದು, 16ನೇ ಕಂತಿನಲ್ಲಿ ಅವಳು ತನ್ನ ಹಳೇ ಹಾಡಿಗೆ ಕಣ್ಣು ಮುಚ್ಚಿ ಕುಣಿಯುತ್ತಿದ್ದವಳು ಥಟ್ಟನೆ ಒಂದು ಬಿಳಿ ಕೋಣೆಯಲ್ಲಿ, ಕನ್ನಡಿ ಮುಂದೆ, ಪ್ರಸಾಧನ ಇಲ್ಲದ ಮುಖದಲ್ಲಿ ಎಚ್ಚರಾಗುತ್ತಾಳೆ. ಅಂದರೆ ಗಂಡನ ಜೊತೆಗಿನ ಆ ಜಗಳ, ಬಿಲ್ಲಿ ಅನ್ನುವವನ ಹುಡುಕಾಟ ಎಲ್ಲ ಅವಳ ತಲೆಯೊಳಗೆ ನಡೆದದ್ದು ಅಂತ ಓದುವುದೇ ಸರಿ ಅನ್ನಿಸುತ್ತದೆ. ಇಷ್ಟಕ್ಕೇ ಬಿಟ್ಟದ್ದು ಅನ್ಯಾಯ. ಲಾರಾಳ ವಿಷಯದಲ್ಲಿ ತೆರೆದಿಟ್ಟದ್ದಕ್ಕೆ ಅರ್ಥ ಇದೆ, ಇಲ್ಲಿ ನನಗೆ ಕಾಣುವುದಿಲ್ಲ.

ಪ್ರಶ್ನೆ: ಮುಂದೆ ನಾಲ್ಕನೇ ಸೀಸನ್ ಬರುತ್ತದಾ? ಅಮ್ಮನಿಗೂ ತೋರಿಸಬೇಕು ಅಂತಿದ್ದೇನೆ, ಯಾವುದರಿಂದ ಶುರು ಮಾಡಲಿ?
– ಓದುಗರು, ಮೂರ್ನಾಡು

ಉತ್ತರ: ಲಿಂಚ್ 2025ರ ಜನವರಿಯಲ್ಲಿ ತೀರಿಕೊಂಡರು. ದಿಮ್ಮಿ ಹಿಡಿದುಕೊಂಡು ಬರುವ ಹೆಂಗಸಿನ ಪಾತ್ರ ಮಾಡಿದ ಕ್ಯಾಥರಿನ್ ಕೌಲ್ಸನ್ 2015ರಲ್ಲಿ, ತಮ್ಮ ಕೊನೆಯ ದೃಶ್ಯಗಳನ್ನು ಕಾಯಿಲೆಯಲ್ಲೇ ಮುಗಿಸಿಕೊಟ್ಟು ಹೋದರು. ಆಲ್ಬರ್ಟ್ ಪಾತ್ರದ ಮಿಗೆಲ್ ಫೆರರ್ 2017ರ ಜನವರಿಯಲ್ಲಿ ಹೋದರು, ಕಂತುಗಳು ಪ್ರಸಾರ ಆಗುವ ಮೊದಲೇ. ಲಿಂಚ್ ಇಲ್ಲದೆ ಇನ್ನೊಂದು ಸೀಸನ್ ಬರಬಾರದು ಅಂತಲೇ ನನ್ನ ಆಸೆ.

ಅಮ್ಮನಿಗೆ 1990ರ ಮೊದಲ ಕಂತಿನಿಂದ ತೋರಿಸಿ. ಎರಡನೇ ಸೀಸನ್ನಿನಲ್ಲಿ ಲೀಲ್ಯಾಂಡ್ ಸತ್ತ ಮೇಲೆ ಕೆಲವು ಕಂತು ಎಳೆಯುತ್ತವೆ. ಬೇಸರ ಬಂದರೆ ಓಡಿಸಿ, ಆದರೆ ಕೊನೆಯ ಕಂತು ಬಿಡಬೇಡಿ. ಆಮೇಲೆ ಸಿನಿಮಾ, ಅದಾದ ಮೇಲೆ 2017ರದ್ದು. ಸಿನಿಮಾ ಬಿಟ್ಟು ಮುಂದಕ್ಕೆ ಹೋದರೆ ಕೊನೆಯ ಕಂತು ಹಿಡಿತಕ್ಕೆ ಸಿಗುವುದಿಲ್ಲ. ಅದು ಕಷ್ಟದ ಸಿನಿಮಾ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಹಾಕಿ, ಅಮ್ಮನಿಗೂ ಕಥೆ ಎಂಥದ್ದು ಅಂತ ಮೊದಲೇ ಹೇಳಿಡಿ.